ಅರಗಿನ ಪ್ಲೇಟು, ವಿನೈಲ್ ರೆಕಾರ್ಡು: ಮನೆಯಲ್ಲೇ ತೊಳೆಯುವ ಕ್ರಮ

ಸಂಡೆ ಬಜಾರಿನಲ್ಲಿ ಚೌಕಾಸಿ ಮಾಡಿ ತಂದದ್ದಿರಲಿ, ಬಸವನಗುಡಿಯ ಹಳೆಯ ಮನೆಯ ಅಟ್ಟದಲ್ಲಿ ಟ್ರಂಕಿನೊಳಗೆ ಸಿಕ್ಕಿದ್ದಿರಲಿ, ಹಳೆಯ ಗ್ರಾಮಫೋನ್ ಪ್ಲೇಟು ಕೈಗೆ ಬಂದೊಡನೆ ಅದನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಡಬೇಕೆನ್ನಿಸುವುದು ಸಹಜ. ಆದರೆ ನೀರು ಮುಟ್ಟಿಸುವ ಮೊದಲು ಅದು ಯಾವುದರಿಂದ ಮಾಡಿದ್ದೆಂದು ತಿಳಿಯಬೇಕು. ಒಂದಕ್ಕೆ ಹೊಂದುವ ಔಷಧಿ ಇನ್ನೊಂದಕ್ಕೆ ವಿಷವಾಗಬಲ್ಲದು.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟುಗಳು ಬಹುಪಾಲು ಅರಗಿನವು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಮತ್ತು ಹೊಳಪು ಕೊಡುವ ಅದೇ ಅರಗಿನ ಜೊತೆಗೆ ಕಲ್ಲಿನ ನುಣ್ಣನೆಯ ಪುಡಿಯನ್ನೂ ಕಾಡಿಗೆಯಂಥ ಕಪ್ಪನ್ನೂ ಬೆರೆಸಿ ಒತ್ತಿದ ತಟ್ಟೆಗಳವು. ಅವು ಭಾರವಾಗಿರುತ್ತವೆ, ಬಾಗುವುದಿಲ್ಲ, ಕೈಜಾರಿದರೆ ಪಿಂಗಾಣಿಯಂತೆ ಒಡೆಯುತ್ತವೆ. 1948ರಲ್ಲಿ ಮಾರುಕಟ್ಟೆಗೆ ಬಂದ, 33⅓ ಸುತ್ತಿನ ಎಲ್‌ಪಿಗಳು, ಅಂದರೆ ಲಾಂಗ್ ಪ್ಲೇ ರೆಕಾರ್ಡುಗಳು, ವಿನೈಲ್ ಎಂಬ ಪ್ಲಾಸ್ಟಿಕ್‌ನವು. ಅಂಚನ್ನು ಹಿಡಿದು ಎತ್ತಿದರೆ ಕೊಂಚ ಬಳುಕುತ್ತವೆ. ನಮ್ಮ ದೇಶದಲ್ಲಿ 1960ರ ದಶಕದಲ್ಲೂ 78ರ ಪ್ಲೇಟುಗಳು ತಯಾರಾಗುತ್ತಿದ್ದುದರಿಂದ ಹಾಡಿನ ಕಾಲ ನೋಡಿ ತೀರ್ಮಾನಿಸದೆ, ಲೇಬಲ್ಲಿನ ಮೇಲಿನ ವೇಗವನ್ನೂ ಕೈಗೆ ತಿಳಿಯುವ ತೂಕವನ್ನೂ ನಂಬುವುದು ಮೇಲು.

ಅರಗಿನ ಪ್ಲೇಟಿಗೆ ಸ್ಪಿರಿಟ್, ಸ್ಯಾನಿಟೈಸರ್, ಕೊಲೋನ್ ಯಾವುದನ್ನೂ ಸೋಕಿಸಬಾರದು. ಬಡಗಿಗಳು ಅರಗಿನ ಹಳಕುಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿಯೇ ಮರಕ್ಕೆ ಪಾಲಿಶ್ ಮಾಡುತ್ತಾರೆಂಬುದು ನನಗೆ ಗೊತ್ತಿತ್ತು. ಆದರೂ ಅಜ್ಜನ ಕಾಲದ ಒಂದು ಪ್ಲೇಟನ್ನು ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದೆ. ಹತ್ತಿ ಕಪ್ಪಾದಷ್ಟೂ ಕೊಳೆ ಬರುತ್ತಿದೆಯೆಂದು ಹಿಗ್ಗಿದೆ. ಬಂದದ್ದು ಕೊಳೆಯಲ್ಲ, ಪ್ಲೇಟೇ. ಒರೆಸಿದ ಜಾಗ ಇಂದಿಗೂ ಮಂಕಾಗಿದೆ, ಮುಳ್ಳು ಅಲ್ಲಿಗೆ ಬಂದಾಗ ಒಗ್ಗರಣೆ ಸಿಡಿದಂಥ ಸದ್ದು ಕೇಳುತ್ತದೆ. ಅಮೋನಿಯಾ ಇರುವ ಗಾಜು ಒರೆಸುವ ದ್ರವವೂ ಅರಗಿಗೆ ಆಗದು.

ಇನ್ನು ನೀರಿನ ಮಾತು. ಬೆಂಗಳೂರಿನ ಬೋರ್‌ವೆಲ್ ನೀರು ಒಣಗಿದ ಮೇಲೆ ಬಕೆಟ್ಟಿನ ಒಳಗೋಡೆಯಲ್ಲಿ ಬಿಡುವ ಬಿಳಿಯ ಪದರವನ್ನು ನೋಡಿದವರಿಗೆ, ಪ್ಲೇಟಿನ ಮೇಲೆ ಧ್ವನಿ ಅಡಗಿರುವ, ಕೂದಲೆಳೆಯಷ್ಟು ಸಣ್ಣ ಗೆರೆಗಳಲ್ಲಿ ಅದೇ ಪದರ ಕೂತರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಕಾವೇರಿ ನೀರು ವಾಸಿ, ಆದರೂ ನಾನು ಅದನ್ನು ಬಳಸುವುದಿಲ್ಲ. ಇನ್ವರ್ಟರ್ ಬ್ಯಾಟರಿಗೆಂದು ಅಂಗಡಿಗಳಲ್ಲಿ ಸಿಗುವ, ಮೊಹರು ಮಾಡಿದ ಡಿಸ್ಟಿಲ್ಡ್ ವಾಟರ್ ಕ್ಯಾನು ಸಾಕು; ಪಕ್ಕದಲ್ಲೇ ಆ್ಯಸಿಡ್ ಕ್ಯಾನೂ ಇಟ್ಟಿರುತ್ತಾರೆ, ಹೆಸರು ಓದಿ ಕೊಳ್ಳಿ.

ಮೊದಲು ಒಣ ಧೂಳನ್ನು ತೆಗೆಯಿರಿ. ಕಾರ್ಬನ್ ಫೈಬರ್ ಬ್ರಷ್ ಇಲ್ಲದಿದ್ದರೆ ಇನ್ನೂ ಬಳಸದ, ಮೆತ್ತನೆಯ ಕೂದಲಿನ ಅಗಲವಾದ ಬಣ್ಣದ ಬ್ರಷ್ ಆದೀತು. ಕೈ ಯಾವಾಗಲೂ ಗೆರೆಯ ಗುಂಟ ಸುತ್ತಬೇಕೇ ಹೊರತು ನಡುವಿನಿಂದ ಅಂಚಿಗೆ ಎಳೆಯಬಾರದು. ಮಳೆಗಾಲದಲ್ಲಿ ಟ್ರಂಕಿನಲ್ಲೇ ಉಳಿದ ಪ್ಲೇಟಿಗೆ ಬೂಷ್ಟು ಹಿಡಿದಿದ್ದರೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಬಾಲ್ಕನಿಯಲ್ಲಿ ಈ ಕೆಲಸ ಮಾಡಿ.

ನಂತರ ಅರ್ಧ ಲೀಟರ್ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ದ್ರವವನ್ನು ಎರಡು ಹನಿ, ಎರಡೇ ಹನಿ, ಹಾಕಿ ಕಲಕಿ. ಮಡಿಸಿದ ಟವೆಲ್ಲಿನ ಮೇಲೆ ಪ್ಲೇಟನ್ನು ಮಲಗಿಸಿ, ಲೇಬಲ್ಲಿನ ಮೇಲೆ ಡಬ್ಬಿಯ ಮುಚ್ಚಳವೊಂದನ್ನು ಒತ್ತಿ ಹಿಡಿದು, ಆ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆಯಿಂದ ಹಗುರವಾಗಿ ಸುತ್ತುತ್ತ ಒರೆಸಬೇಕು. ಬಟ್ಟೆ ಕೊಳೆಯಾದಂತೆ ಮಗ್ಗುಲು ಬದಲಿಸದಿದ್ದರೆ ಎದ್ದ ಮರಳು ಮತ್ತೆ ಗೆರೆಗಳನ್ನೇ ಉಜ್ಜುತ್ತದೆ. ಆಮೇಲೆ ಬೇರೆ ಬಟ್ಟೆಯಿಂದ, ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಬಾರಿ ಒರೆಸಿ ಸಾಬೂನಿನ ಅಂಶ ತೆಗೆಯಿರಿ. ವಿನೈಲ್ ಕೊಂಚ ಹೆಚ್ಚು ನೀರನ್ನು ತಡೆದುಕೊಳ್ಳುತ್ತದೆ. ಅರಗಿನ ಪ್ಲೇಟನ್ನು ಮಾತ್ರ ನೆನೆಹಾಕಲೇಬಾರದು, ಏಕೆಂದರೆ ಕೆಲವು ಪದರಪದರವಾಗಿದ್ದು, ಅಂಚಿನ ಬಿರುಕಿನಿಂದ ನೀರು ಒಳಹೊಕ್ಕರೆ ಪದರಗಳು ಬಿಡುತ್ತವೆ.

ನಡುವಿನ ತೂತಿನ ಅಂಚಿನಲ್ಲಿ ಅಲ್ಯೂಮಿನಿಯಂ ಕಾಣುವ ಪ್ಲೇಟು ಸಿಕ್ಕರೆ ಅದನ್ನು ಹಾಗೆಯೇ ಇಟ್ಟುಬಿಡಿ. ಅದು ಲೋಹದ ಮೇಲೆ ಬಳಿದ ಲ್ಯಾಕರ್ ಎಂಬ ಮೆರುಗಿನ ಪದರದಲ್ಲಿ ನೇರವಾಗಿ ಧ್ವನಿ ಕೊರೆದ ತಟ್ಟೆ. ಬೇರೆ ಪ್ರತಿ ಇರದ ಧ್ವನಿ ಅದರಲ್ಲಿರಬಹುದು. ಅದನ್ನು ತಜ್ಞರೇ ಮುಟ್ಟಲಿ.

ಒಣಗಿಸಲು ಅಡುಗೆಮನೆಯ ತಟ್ಟೆ ಸ್ಟ್ಯಾಂಡಿಗೆ ಬಟ್ಟೆ ಸುತ್ತಿ, ನೆರಳಿನಲ್ಲಿ, ಫ್ಯಾನ್ ಹಾಕದೆ ಒಂದೆರಡು ಗಂಟೆ ನಿಲ್ಲಿಸಿದರೆ ಸಾಕು. ಬಿಸಿಲಿಗಿಟ್ಟರೆ ಎಲ್‌ಪಿ ಹಪ್ಪಳದಂತೆ ಸೊಟ್ಟಗಾಗುತ್ತದೆ. ತೊಳೆದದ್ದನ್ನು ಅದೇ ಧೂಳಿನ ಲಕೋಟೆಗೆ ತುರುಕಬೇಡಿ. ಹೊಸ ಕಾಗದದ್ದೋ ಪಾಲಿಥೀನಿನದ್ದೋ ಹಾಕಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ.

ನುಡಿಸುವಾಗ ಮುಳ್ಳನ್ನೂ ನೋಡಿಕೊಳ್ಳಬೇಕು. 78ರ ಗೆರೆ ಎಲ್‌ಪಿಯದಕ್ಕಿಂತ ಸುಮಾರು ಮೂರು ಪಟ್ಟು ಅಗಲ, ಆದ್ದರಿಂದ ಮುಳ್ಳೂ ಬೇರೆ. ಕೀಲಿ ಕೊಡುವ ಗ್ರಾಮಫೋನಿನ ಉಕ್ಕಿನ ಮುಳ್ಳು ಎಲ್‌ಪಿಯನ್ನು ಒಂದೇ ಸಲಕ್ಕೆ ಉತ್ತುಬಿಡುತ್ತದೆ. ಅರಗಿನ ಪ್ಲೇಟಿಗೂ ಪ್ರತಿ ಬದಿಗೆ ಹೊಸ ಮುಳ್ಳು ಬೇಕು. ತೊಳೆದ ಎಲ್‌ಪಿಯನ್ನು ಮೊದಲ ಸಲ ಕೇಳಿದ ಮೇಲೆ ಮುಳ್ಳಿನ ತುದಿಯಲ್ಲಿ ಬೂದುಬಣ್ಣದ ಸಣ್ಣ ಉಂಡೆ ಕಾಣಬಹುದು. ಬಟ್ಟೆಗೂ ಸಿಗದೆ ಗೆರೆಯ ತಳದಲ್ಲಿ ಉಳಿದಿದ್ದ ಕೊಳೆ ಅದು. ಅದನ್ನು ಬೆರಳಿನಿಂದಲ್ಲ, ಪುಟ್ಟ ಬ್ರಷ್‌ನಿಂದ, ಹಿಂದಿನಿಂದ ಮುಂದಕ್ಕೆ ಒಂದೇ ಸಲ ಸವರಿ ತೆಗೆಯಿರಿ.