ಲಾಗರ್ ಪೆಟ್ಟಿಗೆಯನ್ನು ಹಿಮದಲ್ಲೇ ಹೂತೆ, ಕೆಲಸ ಮಾಡಿತು

ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ನನ್ನ ತಾಪಮಾನ ಲಾಗರ್ (ತಾಪಮಾನ ಅಳೆದು ದಾಖಲಿಸುವ ಪೆಟ್ಟಿಗೆ) ಚಳಿಗಾಲ ಪೂರ್ತಿ ದಿನವೂ ಡೇಟಾ ಕಳಿಸಿತು. ಹೀಟರ್ ಇಲ್ಲ, ಸೋಲಾರ್ ಪ್ಯಾನೆಲ್ ಇಲ್ಲ. ಆಂಟೆನಾ ಕೂಡ ಹಿಮದಡಿಯಲ್ಲೇ. "ಹೂತಿಟ್ಟರೆ ಸಿಗ್ನಲ್ ಎಲ್ಲಿಂದ ಬರುತ್ತೆ?" ಅಂತ ಕೇಳದವರೇ ಇರಲಿಲ್ಲ.

ಮೊದಲು ನಾವೂ ಎಲ್ಲರಂತೆ ಕಂಬಕ್ಕೆ ಕಟ್ಟಿದ್ದೆವು. ಲೆಡ್ ಆಸಿಡ್ ಬ್ಯಾಟರಿ, ಪ್ಯಾನೆಲ್, ಸುತ್ತ ಥರ್ಮಾಕೋಲ್. ಸೂರ್ಯ ಇರುವವರೆಗೆ ಚೆನ್ನಾಗೇ ನಡೆಯಿತು. ಆಮೇಲೆ ತಿಂಗಳುಗಟ್ಟಲೆ ಕತ್ತಲೆ. ಚಾರ್ಜ್ ಇಳಿದಷ್ಟೂ ಆಸಿಡ್ ತೆಳುವಾಗುತ್ತದೆ, ತೆಳುವಾದಷ್ಟೂ ಬೇಗ ಹೆಪ್ಪುಗಟ್ಟುತ್ತದೆ. ಮುಂದಿನ ಬೇಸಿಗೆಯಲ್ಲಿ ಹೋಗಿ ನೋಡಿದರೆ ಬ್ಯಾಟರಿ ಉಬ್ಬಿ ಸೀಳಿತ್ತು. ಪಿವಿಸಿ ಕೇಬಲ್ ಬಗ್ಗಿಸಿದರೆ ಚಟ್ ಅಂತ ಮುರಿಯುತ್ತಿತ್ತು.

ಲಿಥಿಯಂ ಥಯೊನಿಲ್ ಕ್ಲೋರೈಡ್ ಸೆಲ್‌ಗೆ ಬಂದೆ. 3.6 ವೋಲ್ಟ್, ಡಿ ಸೈಜ್, ಹೆಸರಿಗೆ 19 ಆಂಪಿಯರ್ ಅವರ್. ಮೈನಸ್ 55 ಡಿಗ್ರಿವರೆಗೂ ನಡೆಯುತ್ತದೆ ಅಂತ ಕಂಪನಿಗಳು ಬರೆಯುತ್ತವೆ, ನಿಜವೇ. ಆದರೆ ಬಹಳ ದಿನ ಸುಮ್ನೆ ಬಿದ್ದಿದ್ದರೆ ಒಳಗೆ ಲಿಥಿಯಂ ಮೇಲೆ ಒಂದು ಪದರ ಕೂರುತ್ತದೆ. ಉಪಗ್ರಹದ ಮೂಲಕ ಡೇಟಾ ಕಳಿಸುವ ಇರಿಡಿಯಂ ಮೋಡೆಮ್ ಎದ್ದು ಒಮ್ಮೆಲೇ ಕರೆಂಟ್ ಕೇಳಿದಾಗ ಆ ಪದರ ಅಡ್ಡಬಂದು ವೋಲ್ಟೇಜ್ ಕುಸಿಯುತ್ತದೆ. ಲಾಗರ್ ರೀಸೆಟ್, ಮತ್ತೆ ಮೋಡೆಮ್, ಮತ್ತೆ ರೀಸೆಟ್. ಹೀಗೇ ಸುತ್ತಿ ಸುತ್ತಿ ಒಂದು ಪೆಟ್ಟಿಗೆಯ ಸೆಲ್‌ಗಳೆಲ್ಲ ಬರಿದಾದವು. ಸೆಲ್ ಖರ್ಚು ದೊಡ್ಡದಲ್ಲ. ಮತ್ತೆ ಆ ಜಾಗಕ್ಕೆ ಹೋಗುವ ಖರ್ಚಿದೆಯಲ್ಲ, ಅದರಲ್ಲಿ ಇಂಥ ಹತ್ತಾರು ಲಾಗರ್ ಕಟ್ಟಬಹುದು.

ಈಗ ಸೆಲ್ ಮತ್ತು ಮೋಡೆಮ್ ನಡುವೆ ಸೂಪರ್ ಕೆಪಾಸಿಟರ್ ಇದೆ. ಸೆಲ್ ಅದನ್ನು ನಿಧಾನಕ್ಕೆ ತುಂಬುತ್ತದೆ, ಮೋಡೆಮ್‌ಗೆ ಬೇಕಾದ ದೊಡ್ಡ ಕರೆಂಟ್ ಅದರಿಂದಲೇ ಹೋಗುತ್ತದೆ. ವೋಲ್ಟೇಜ್ ಸಾಕಷ್ಟು ಏರದಿದ್ದರೆ ಆ ದಿನ ಮೋಡೆಮ್ ಏಳುವುದೇ ಇಲ್ಲ. ಸೆಲ್‌ನ ಪದರ ದಪ್ಪವಾಗದಂತೆ ದಿನಕ್ಕಿಷ್ಟು ಅಂತ ಸಣ್ಣ ಲೋಡ್ ಕೊಡುತ್ತೇನೆ. ಎಷ್ಟು, ಎಷ್ಟು ಹೊತ್ತು ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ.

ಹೂಳುವ ಯೋಚನೆ ಬಂದದ್ದು ಬೇರೆ ಬೇರೆ ಆಳದಲ್ಲಿ ತಾಪಮಾನ ಅಳೆಯುವ ನಮ್ಮದೇ ಸೆನ್ಸರ್ ಸರಪಣಿಯ ಡೇಟಾ ನೋಡಿ. ಮೇಲೆ ಗಾಳಿ ಒಂದೇ ವಾರದಲ್ಲಿ ಇಪ್ಪತ್ತು, ಇಪ್ಪತ್ತೈದು ಡಿಗ್ರಿ ಏರಿಳಿದರೂ ಒಂದೂವರೆ ಮೀಟರ್ ಕೆಳಗೆ ತಾಪಮಾನದ ಗೆರೆ ಹೆಚ್ಚುಕಮ್ಮಿ ನೇರವಾಗಿತ್ತು. ಹತ್ತು ಮೀಟರ್ ಆಳದಲ್ಲಿ ಹೆಚ್ಚುಕಡಿಮೆ ಆ ಜಾಗದ ವರ್ಷದ ಸರಾಸರಿ ತಾಪಮಾನವೇ ಇರುತ್ತದೆ. ಹಿಮವೇ ಕಂಬಳಿಯಾಗಿರುವಾಗ ಥರ್ಮಾಕೋಲ್ ಯಾಕೆ ಹೊರಬೇಕು? ಸಿಗ್ನಲ್ ವಿಷಯಕ್ಕೆ ಬಂದರೆ, ಇರಿಡಿಯಂ ಕೆಲಸ ಮಾಡುವುದು 1.6 ಗಿಗಾಹರ್ಟ್ಸ್ ಸುತ್ತಮುತ್ತ. ಒಣ ಹಿಮ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ಕರಗಿ ಒದ್ದೆಯಾದ ಹಿಮವಾದರೆ ಮಾತೇ ಬೇರೆ, ಕರಾವಳಿಯಲ್ಲಿ ಇದನ್ನು ಮಾಡಬೇಡಿ.

ಒಂದು ಸಂದೇಶಕ್ಕೆ 340 ಬೈಟ್ ಮಿತಿ, ದುಡ್ಡೂ ಬೈಟ್ ಲೆಕ್ಕದಲ್ಲೇ. ಅದಕ್ಕೆ ಪೂರ್ತಿ ಅಂಕಿ ಕಳಿಸದೆ ಹಿಂದಿನ ರೀಡಿಂಗ್‌ಗಿಂತ ಎಷ್ಟು ವ್ಯತ್ಯಾಸ ಅಂತ ಮಾತ್ರ ಕಳಿಸುತ್ತೇನೆ. ಬಿಲ್ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯಿತು.

ಇನ್ನೊಂದು ಲಾಭ ಎಣಿಸಿರಲಿಲ್ಲ. ಲಾಗರ್‌ನ ಗಡಿಯಾರ ನಡೆಸುವ ಮಾಮೂಲಿ 32 ಕಿಲೋಹರ್ಟ್ಸ್ ಕ್ರಿಸ್ಟಲ್ ಮೈನಸ್ 40ರಲ್ಲಿ ದಿನಕ್ಕೆ ಹನ್ನೆರಡು ಸೆಕೆಂಡ್‌ನಷ್ಟು ಹಿಂದೆ ಬೀಳುತ್ತದೆ. ಕಂಬದ ಮೇಲೆ ಆ ಲೆಕ್ಕ ದಿನಕ್ಕೊಂದು ಥರ. ಹೂತ ಪೆಟ್ಟಿಗೆಯಲ್ಲಿ ಚಳಿ ಬಹುತೇಕ ಸ್ಥಿರ, ಗಡಿಯಾರದ ತಪ್ಪೂ ಬಹುತೇಕ ಸ್ಥಿರ. ಒಂದು ಸಾಲು ಕೋಡ್‌ನಲ್ಲಿ ಸರಿಹೋಯಿತು. ಈ ಖುಷಿಯಲ್ಲಿ ಅಗ್ಗದ ಕ್ರಿಸ್ಟಲ್‌ಗಳನ್ನು ಡ್ರೈ ಐಸ್ ಡಬ್ಬಿಯಲ್ಲಿಟ್ಟು ವಾರಗಟ್ಟಲೆ ಅಳೆದೆ. ಗಂಟೆ ಲೆಕ್ಕದಲ್ಲಿ ಬಾಡಿಗೆ ಕೇಳುವ ಕೋಲ್ಡ್ ಚೇಂಬರ್‌ಗಿಂತ ಅದು ಎಷ್ಟೋ ಅಗ್ಗ. ಡ್ರೈ ಐಸ್ ಮೈನಸ್ 78, ಅಷ್ಟು ಚಳಿ ಬೇಡ ಅಂದರೆ ನಡುವೆ ರಟ್ಟಿನ ಪದರ ಇಟ್ಟು ಹೊಂದಿಸಿಕೊಳ್ಳಬಹುದು. ಕಿಟಕಿ ಬಾಗಿಲು ಮಾತ್ರ ತೆರೆದಿರಲಿ, ಡ್ರೈ ಐಸ್‌ನಿಂದ ಬರುವ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಅಪಾಯ.

ವರ್ಷ ವರ್ಷ ಮೇಲೆ ಹೊಸ ಹಿಮ ಬೀಳುತ್ತಲೇ ಇರುತ್ತದೆ. ಎಷ್ಟು ಆಳದವರೆಗೆ ಸಿಗ್ನಲ್ ಬಂದೀತು ಅಂತ ನೋಡಲು ಎರಡನೇ ಪೆಟ್ಟಿಗೆಯನ್ನು ಮೂರು ಮೀಟರ್ ಕೆಳಗೆ ಇಟ್ಟಿದ್ದೇನೆ. ಇವತ್ತು ಬೆಳಗ್ಗೆಯೂ ಅದರ ಸಂದೇಶ ಬಂತು.