ಸೂಪರ್‌ಮಾರ್ಕೆಟ್ ಆಫರ್ ತರಕಾರಿ: ಯಾವುದು ತಗೊಳೋದು, ಯಾವುದು ಬಿಡೋದು

ಬೆಂಗಳೂರಲ್ಲಿ ಬಹಳಷ್ಟು ಸೂಪರ್‌ಮಾರ್ಕೆಟ್‌ಗಳಲ್ಲಿ ವಾರಕ್ಕೊಂದಿನ ತರಕಾರಿ ಆಫರ್ ಇರತ್ತೆ, ನಮ್ಮ ಕಡೆ ಬುಧವಾರ. ಅವತ್ತು ಈರುಳ್ಳಿ, ಆಲೂಗಡ್ಡೆ, ಟೊಮ್ಯಾಟೊ ಮೂರಕ್ಕೂ ತಳ್ಳುಗಾಡಿಯವರಿಗಿಂತ ಕಮ್ಮಿ ಹಾಕಿರ್ತಾರೆ, ಯಾಕಂದ್ರೆ ಈ ಮೂರರ ರೇಟು ಎಲ್ಲರಿಗೂ ಬಾಯಿಪಾಠ, ಅದನ್ನ ನೋಡಿ ಒಳಗೆ ಬಂದೋರು ಬ್ರೊಕೊಲಿ, ಮಶ್ರೂಮ್, ಬಿಸ್ಕೆಟ್ ಅಂತ ಟ್ರಾಲಿ ತುಂಬಿಸ್ಕೊಂಡು ಹೋಗ್ತಾರೆ ಅನ್ನೋದು ಅವರ ಲೆಕ್ಕ. ನನ್ನ ಲೆಕ್ಕ ಏನಂದ್ರೆ ಆ ಮೂರನ್ನ ಅಲ್ಲಿ ತಗೊಂಡು, ಸೊಪ್ಪನ್ನ ಬೆಳಿಗ್ಗೆ ಮನೆ ಮುಂದೆ ಬರೋ ಗಾಡಿಯಲ್ಲಿ ತಗೊಳೋದು. ಸೂಪರ್‌ಮಾರ್ಕೆಟ್ ಸೊಪ್ಪಿಗೆ ಗಂಟೆಗೊಂದ್ಸಲ ನೀರು ಚಿಮುಕಿಸ್ತಾರೆ, ನೋಡೋಕೆ ಫ್ರೆಶ್ಶು, ಮನೆಗೆ ತಂದು ಕಟ್ಟು ಬಿಚ್ಚಿದ್ರೆ ನಡುವೆ ಕೊಳೆತಿರತ್ತೆ.

ಹೊರಡೋ ಮುಂಚೆ ಹಾಪ್‌ಕಾಮ್ಸ್, ಅಂದ್ರೆ ಬೆಳೆಗಾರರ ಸಹಕಾರ ಸಂಘದ ಹಣ್ಣು-ತರಕಾರಿ ಅಂಗಡಿ, ಅದರ ರೇಟ್ ಒಂದ್ಸಲ ನೋಡ್ಕೊಳ್ಳಿ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸೊಸೈಟಿ ಅಂತ ಶುರುವಾಗಿದ್ದು ಅದು, ದಿನಾ ರೇಟ್ ಲಿಸ್ಟ್ ಹಾಕ್ತಾರೆ. ಅಲ್ಲೇ ತಗೋಬೇಕು ಅಂತೇನಿಲ್ಲ, ಆದ್ರೆ ಇವತ್ತು ಬೀನ್ಸ್ ಎಷ್ಟು ಅಂತ ತಲೇಲಿದ್ರೆ ಸೂಪರ್‌ಮಾರ್ಕೆಟ್‌ನ ಹಳದಿ ಬೋರ್ಡು ನಿಜವಾಗ್ಲೂ ಆಫರ್ರೋ ಸುಮ್ನೆ ಬಣ್ಣಾನೋ ಗೊತ್ತಾಗತ್ತೆ.

ಈಗ ಈರುಳ್ಳಿ. ಜಾಸ್ತಿ ಜನ ಏಮಾರೋದು ಇಲ್ಲೇ, ನಾನೂ ಏಮಾರಿದೀನಿ. ಅಕ್ಟೋಬರ್‌ನಲ್ಲಿ ಒಂದ್ಸಲ ಐದು ಕೆಜಿ ಬಲೆ ಚೀಲ ಸಖತ್ ಕಮ್ಮಿಗೆ ಸಿಕ್ತು ಅಂತ ಹೊತ್ಕೊಂಡು ಬಂದೆ, ಹತ್ತು ದಿನಕ್ಕೆ ಅರ್ಧ ಚೀಲ ಮೊಳಕೆ, ಇನ್ನರ್ಧ ನೀರು ಬಿಟ್ಕೊಂಡು ಇಡೀ ಅಡುಗೆಮನೆ ಗಬ್ಬು. ಅಮ್ಮನಿಗೆ ಫೋನ್ ಮಾಡಿ ಹೇಳಿದ್ರೆ "ಹೊಸ ಈರುಳ್ಳಿ ಯಾರಾದ್ರೂ ಚೀಲಗಟ್ಟಲೆ ತರ್ತಾರೇನೋ" ಅಂತ ಬೈಸ್ಕೊಂಡೆ. ವಿಷಯ ಏನಂದ್ರೆ ನಮ್ಮ ಚಿತ್ರದುರ್ಗ, ಗದಗ, ವಿಜಯಪುರ ಕಡೆಯಿಂದ ಮಳೆಗಾಲದ ಬೆಳೆ ಸೆಪ್ಟೆಂಬರ್‌ನಿಂದ ಬರೋಕೆ ಶುರುವಾಗತ್ತೆ, ಅದರಲ್ಲಿ ನೀರಿನಂಶ ಜಾಸ್ತಿ, ಇಟ್ರೆ ತಡ್ಕೊಳಲ್ಲ. ಬೇಸಿಗೆ ಹೊತ್ತಿಗೆ ಕೀಳೋ ಈರುಳ್ಳಿ, ನಾಸಿಕ್ ಕಡೆಯಿಂದ ಬರೋದು, ಅದು ತಿಂಗಳುಗಟ್ಟಲೆ ಇರತ್ತೆ. ಗುರುತು ಹಿಡಿಯೋದು ಸುಲಭ: ಮೇಲಿನ ಸಿಪ್ಪೆ ಒಣಗಿ ಪರಪರ ಅಂತಿದ್ಯಾ, ಕತ್ತು ಸಣ್ಣಗೆ ಮುಚ್ಕೊಂಡಿದ್ಯಾ ನೋಡಿ. ಹೆಬ್ಬೆರಳಲ್ಲಿ ಕತ್ತು ಒತ್ತಿದಾಗ ಮೆತ್ತಗಿದ್ರೆ ಎಷ್ಟೇ ಕಮ್ಮಿ ಇದ್ರೂ ಒಂದು ವಾರಕ್ಕಾಗೋಷ್ಟೇ ತಗೊಳ್ಳಿ. ಬಲೆ ಚೀಲದ ಬದಲು ಬಿಡಿ ಕ್ರೇಟ್‌ನಲ್ಲೇ ಆರಿಸಿ, ಎರಡು ರೂಪಾಯಿ ಜಾಸ್ತಿಯಾದ್ರೂ ಪರ್ವಾಗಿಲ್ಲ.

ಆಲೂಗಡ್ಡೆಗೆ ಒಂದೇ ಮಾತು, ಹಸಿರು ತಿರುಗಿರೋದು ಬೇಡ, ಕಹಿ, ಹೊಟ್ಟೆಗೂ ಒಳ್ಳೇದಲ್ಲ. ಟೊಮ್ಯಾಟೊದಲ್ಲಿ ನಾಟಿ ಮತ್ತು ಫಾರಂ ಪಕ್ಕಪಕ್ಕದ ಕ್ರೇಟ್‌ನಲ್ಲಿರತ್ತೆ. ನಾಟಿಗೆ ಸಿಪ್ಪೆ ತೆಳು, ಹುಳಿ ಜಾಸ್ತಿ, ಸಾರಿಗೆ ಚೆನ್ನಾಗಿರತ್ತೆ ಆದ್ರೆ ಎರಡು ದಿನದಲ್ಲಿ ಒಡ್ಕೊಳತ್ತೆ. ಫಾರಂದು ವಾರ ಇರತ್ತೆ. ಎರಡಕ್ಕೂ ರೇಟು ಬೇರೆ, ಬಿಲ್ಲಿಂಗ್ ಕೋಡೂ ಬೇರೆ, ತೂಕದ ಕೌಂಟರ್‌ನಲ್ಲಿ ಗಡಿಬಿಡಿಲಿ ಒಂದರ ಕೋಡ್ ಇನ್ನೊಂದಕ್ಕೆ ಒತ್ತಿಬಿಡ್ತಾರೆ. ಹೋದ ತಿಂಗಳು ನನ್ನ ಪಚ್ಚಬಾಳೆಗೆ ಏಲಕ್ಕಿಬಾಳೆ ಸ್ಟಿಕ್ಕರ್ ಅಂಟಿಸಿದ್ರು, "ಅಕ್ಕ, ಇದು ಪಚ್ಚಬಾಳೆ ಅಲ್ವಾ" ಅಂದ್ರೆ "ಅಯ್ಯೋ ಸಾರಿ ಸರ್" ಅಂತ ನಗ್ತಾ ಕಿತ್ತು ಬೇರೆ ಹಾಕಿದ್ರು. ಸ್ಟಿಕ್ಕರ್ ಮೇಲಿನ ಹೆಸರನ್ನ ಅಲ್ಲೇ ಓದ್ಕೊಳ್ಳಿ, ಬಿಲ್ ಆದ್ಮೇಲೆ ವಾಪಸ್ ಓಡಾಡೋದು ದೊಡ್ಡ ತಲೆನೋವು. ರೇಟ್ ಬೋರ್ಡಲ್ಲಿ ಒಂದು, ಬಿಲ್ಲಲ್ಲಿ ಇನ್ನೊಂದು ಬಂದು ಮ್ಯಾನೇಜರ್ರೂ ಕೇಳ್ಲಿಲ್ಲ ಅಂದ್ರೆ 1915 ಗ್ರಾಹಕ ಸಹಾಯವಾಣಿ ಇದೆ.

ಇನ್ನು ತೂಕಕ್ಕೆ ಕೊಡೋ ದುಡ್ಡಲ್ಲಿ ಪಾತ್ರೆಗೆ ಬೀಳೋದೆಷ್ಟು ಅಂತ ನೋಡ್ಬೇಕು. ಹಸಿ ಬಟಾಣಿ ಕೆಜಿ ಎಂಬತ್ತು ಅಂತಿಟ್ಕೊಳ್ಳಿ, ಸುಲಿದ್ರೆ ಅರ್ಧದಷ್ಟೂ ಕಾಳು ಸಿಗೋದು ಕಷ್ಟ, ಅಂದ್ರೆ ಕಾಳು ಕೆಜಿಗೆ ನೂರರವತ್ತು ದಾಟ್ತು. ಆಗ ಪಕ್ಕದ ಫ್ರೀಜರ್‌ನಲ್ಲಿರೋ ಬಟಾಣಿ ಪ್ಯಾಕೆಟ್ ರೇಟ್ ನೋಡಿ, ಸೀಸನ್ ಅಲ್ಲದಾಗ ಅದೇ ಕಮ್ಮಿ ಬೀಳತ್ತೆ. ಹೂಕೋಸು ಕೆಜಿ ಲೆಕ್ಕದಲ್ಲಿದ್ರೆ ಎಲೆ, ದಂಟು ಜಾಸ್ತಿ ಇರೋದು ಬೇಡ, ಪೀಸ್ ಲೆಕ್ಕದಲ್ಲಿದ್ರೆ ಆರಾಮಾಗಿ ಭಾರದ್ದು ಹುಡುಕಿ. ಸೀಮೆಬದನೆ, ಸೋರೆಕಾಯಿ, ಮೂಲಂಗಿ, ಇವನ್ನ ಯಾರೂ ಆಫರ್ ಬೋರ್ಡಲ್ಲಿ ಹಾಕಲ್ಲ, ಆದ್ರೆ ವರ್ಷದಲ್ಲಿ ಬಹಳಷ್ಟು ದಿನ ಬೀನ್ಸ್, ಕ್ಯಾಪ್ಸಿಕಂಗಿಂತ ಅಗ್ಗ. ಬೀನ್ಸ್ ನೂರು ದಾಟಿದ ವಾರ ನಮ್ಮನೇಲಿ ಸೀಮೆಬದನೆ ಪಲ್ಯಾನೇ.

ಪ್ಲಾಸ್ಟಿಕ್ ಸುತ್ತಿ ಡಿಸ್ಕೌಂಟ್ ಸ್ಟಿಕ್ಕರ್ ಹಾಕಿರೋ ಟ್ರೇಗಳಿರತ್ವಲ್ಲ, ರಾತ್ರಿ ಎಂಟರ ಮೇಲೆ ಹೋದ್ರೆ ಜಾಸ್ತಿ ಸಿಗತ್ತೆ, ಅದನ್ನ ಮಗುಚಿ ತಳ ನೋಡದೆ ತಗೋಬೇಡಿ. ಮೇಲೆ ಮೂರು ಕ್ಯಾಪ್ಸಿಕಂ ಮಿರಮಿರ, ಕೆಳಗಡೆ ಒಂದರ ತೊಟ್ಟು ಲೊಳಲೊಳ. ಒಳಗೆ ಬೆವರು ಥರ ನೀರು ಕೂತಿದ್ರೆ ಬಿಟ್ಬಿಡಿ. ಅವತ್ತೇ ಅಡುಗೆ ಮಾಡೋದಾದ್ರೆ ಮಾತ್ರ ಈ ಟ್ರೇ ಲಾಭ, ಹಣ್ಣಾಗಿರೋ ಟೊಮ್ಯಾಟೊ ಟ್ರೇ ತಂದು ರಾತ್ರಿನೇ ಗೊಜ್ಜು ಮಾಡಿಟ್ರೆ ಮೂರು ದಿನ ಚಪಾತಿಗಾಯ್ತು. ಹೆಚ್ಚಿಟ್ಟಿರೋ ತರಕಾರಿ, ಸುಲಿದ ದಾಳಿಂಬೆ ಡಬ್ಬಿ ಹತ್ರ ನಾನಂತೂ ಹೋಗಲ್ಲ, ಕತ್ತರಿಸೋ ಕೂಲಿನೇ ತರಕಾರಿಗಿಂತ ಜಾಸ್ತಿ.

ಹಣ್ಣಿಗೆ ಸೀಸನ್ ಬಿಟ್ಟು ಬೇರೆ ಉಪಾಯ ಇಲ್ಲ. ಸೇಬು ತಿನ್ಬೇಕಾ, ಆಗಸ್ಟ್‌ನಿಂದ ನವೆಂಬರ್ ಒಳಗೆ ಶಿಮ್ಲಾ, ಕಾಶ್ಮೀರದ್ದು ಬಂದಾಗ ತಿನ್ನಿ, ಆಮೇಲೆ ಥಳಥಳ ಹೊಳೆಯೋ ಫಾರಿನ್ ಸೇಬಿಗೆ ಎರಡರಷ್ಟು ಕೊಡೋ ಬದಲು ಸೀಬೆಹಣ್ಣು, ಪಪ್ಪಾಯಿ ಇದೆ. ಸೇಬಿನ ಮೇಲಿನ ಸ್ಟಿಕ್ಕರ್ ನೋಡಿ ಒಳ್ಳೆ ಮಾಲು ಅಂದ್ಕೋಬೇಡಿ, ಸುಮಾರು ಸ್ಟಿಕ್ಕರ್ ಬರೀ ಬ್ರ್ಯಾಂಡ್ ಹೆಸರು. ಮಾವು ಏಪ್ರಿಲ್ ಶುರುವಲ್ಲೇ ಇಡೀ ಹಳದಿಯಾಗಿ, ವಾಸನೆನೇ ಇಲ್ಲದೆ ಕಮ್ಮಿಗೆ ಕೂತಿದ್ರೆ ಅನುಮಾನ ಪಡಿ. ಕ್ಯಾಲ್ಸಿಯಂ ಕಾರ್ಬೈಡ್ ಹಾಕಿ ಹಣ್ಣು ಮಾಡೋದು ನಿಷೇಧ, ಎಥಿಲೀನ್ ಗ್ಯಾಸ್‌ಗೆ ಅನುಮತಿ ಇದೆ, ಆದ್ರೆ ನೋಡಿದ ತಕ್ಷಣ ಎರಡಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಅದಕ್ಕೆ ತೊಟ್ಟಿನ ಹತ್ರ ಮೂಸಿ ನೋಡಿ, ಘಮ ಇಲ್ದಿದ್ರೆ ಎರಡು ವಾರ ಕಾಯಿರಿ. ಬಾಳೆಹಣ್ಣಲ್ಲಿ ಚುಕ್ಕಿ ಬಿದ್ದಿರೋ ಚಿಪ್ಪನ್ನ ಕಮ್ಮಿಗೆ ಕೊಡ್ತಾರೆ, ಅದು ನಾಳೆ ತಿನ್ನೋಕೆ ಸರಿಯಾಗಿರತ್ತೆ, ಒಂದರ್ಧ ಹಸಿರು ಚಿಪ್ಪೂ ಜೊತೆಗೆ ತಗೊಂಡ್ರೆ ವಾರ ನಡಿಯತ್ತೆ.

ಮನೆಗೆ ಬಂದ್ಮೇಲೆ ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಗೆ ಸುರೀಬೇಡಿ, ಎರಡೂ ಬೇಗ ಕೆಡತ್ತೆ. ಬಾಳೆಹಣ್ಣನ್ನ ಬೇರೆ ಹಣ್ಣಿನಿಂದ ದೂರ ಇಡಿ, ಇಲ್ದಿದ್ರೆ ಎಲ್ಲಾ ಒಟ್ಟಿಗೆ ಹಣ್ಣಾಗಿ ಕೂರತ್ತೆ. ಹಾಂ, ಹೀರೇಕಾಯಿ ತಗೊಳ್ವಾಗ ಎಳೇದೇ ನೋಡಿ ತಗೊಳ್ಳಿ, ಏಣು ಉಗುರಿಗೆ ಸಿಗೋ ಥರದ್ದು, ಸಿಪ್ಪೆ ಚಟ್ನಿಗಾಗತ್ತೆ, ತಿರುಳು ಪಲ್ಯಕ್ಕೆ, ಕಸದ ಬುಟ್ಟಿಗೆ ಹೋಗೋದು ತೊಟ್ಟೊಂದೇ.