ಕಪ್ಪು ಬಟ್ಟೆ ಬೇಕಾ? ದಿನಾ ಕಪ್ಪು ಹಾಕೋರ ಅಂಗಡಿಗೆ ಹೋಗಿ

ಗಾತ್, ಮೆಟಲ್, ಪಂಕ್ ಅಂತ ರಾಕ್ ಸಂಗೀತದ ಜೊತೆ ಬೆಳೆದ, ಕಪ್ಪು ಬಟ್ಟೆ ಜಾಸ್ತಿ ಇರೋ ಯಾವ್ದೇ ಸ್ಟೈಲ್ ಇಷ್ಟ ಇರೋರು ನಮ್ಮಲ್ಲಿ ಮೊದ್ಲು ಮಾಡೋ ಕೆಲ್ಸ ಅಂದ್ರೆ ಫೋನಲ್ಲಿ ‘ಗಾತ್ ಡ್ರೆಸ್’ ಅಂತ ಹುಡುಕಿ ತೆಳ್ಳಗೆ ಮಿಂಚೋ ಒಂದು ಪಾಲಿಸ್ಟರ್ ಗೌನ್ ಆರ್ಡರ್ ಮಾಡೋದು, ಅದು ನಾಲ್ಕು ಸಲ ಒಗೆಯೋದ್ರಲ್ಲಿ ಲೇಸ್ ಕಿತ್ಕೊಂಡು ಮೂಲೆ ಸೇರುತ್ತೆ. ಬೆಂಗಳೂರಲ್ಲಿ ಇದ್ಕೊಂಡು ಹಾಗೆ ದುಡ್ಡು ಹಾಕೋದು ಬೇಡವೇ ಬೇಡ ಅಂತೀನಿ ನಾನು. ನಮ್ ನಡುವೆನೇ ದಿನಾ ಕಪ್ಪು ಹಾಕೋ ಜನ ಎಷ್ಟೊಂದು ಇದಾರೆ, ಅವರಿಗೆ ಅಂತಲೇ ಅಂಗಡಿಗಳಿವೆ, ಯಾವ ಕಪ್ಪು ಬಾಳಿಕೆ ಬರುತ್ತೆ ಯಾವ್ದು ಬಣ್ಣ ಬಿಡುತ್ತೆ ಅನ್ನೋದು ಆ ಅಂಗಡಿಯವರಿಗೆ ಚೆನ್ನಾಗಿ ಗೊತ್ತು.

ಉದ್ದ ಸ್ಕರ್ಟು, ಕೇಪು, ಅಗಲ ತೋಳಿನ ಟಾಪ್ ಬೇಕು ಅನ್ನೋರು ಮೊದ್ಲು ಶಿವಾಜಿನಗರಕ್ಕೆ ಹೋಗಿ. ಬುರ್ಖಾ ಬಟ್ಟೆ ಮಾರೋ ಅಂಗಡೀಲಿ ‘ನಿದಾ ತೋರ್ಸಿ’ ಅನ್ನಿ. ಅದೂ ಪಾಲಿಸ್ಟರೇ, ಆದ್ರೆ ಮಿಂಚಲ್ಲ, ಸುಕ್ಕಾಗಲ್ಲ, ನೀರಿನ ಥರ ಇಳಿಯುತ್ತೆ. ಒಂದೇ ಕಪ್ಪಲ್ಲಿ ಎಷ್ಟು ನಮೂನೆ ಇದೆ ಅಂತ ಅಲ್ಲಿ ಗೊತ್ತಾಗುತ್ತೆ, ಒಂದು ನೀಲಿ ಕಡೆ ವಾಲಿರುತ್ತೆ, ಒಂದು ಕಂದು, ಒಂದು ಹಸಿರು. ಅಂಗಡಿ ಲೈಟಲ್ಲಿ ಎಲ್ಲಾ ಒಂದೇ ಥರ ಕಾಣುತ್ತೆ, ಅದಕ್ಕೆ ಬಾಗಿಲ ಹತ್ರ ಬಿಸಿಲಿಗೆ ಹಿಡಿದು ನೋಡಿ, ಮನೇಲಿರೋ ಟಾಪ್ ಜೊತೆ ಹಾಕೋದಾದ್ರೆ ಆ ಟಾಪನ್ನೂ ಚೀಲದಲ್ಲಿ ತಗೊಂಡು ಹೋಗಿ. ಮೊಣಕಾಲಿಂದ ಸ್ವಲ್ಪ ಕೆಳಗೆ ಬರೋ ಪೂರ್ತಿ ಅಂಬ್ರೆಲಾ ಸ್ಕರ್ಟಿಗೆ 44 ಇಂಚು ಅಗಲದ ಬಟ್ಟೆ ಹತ್ರಹತ್ರ 4 ಮೀಟರ್ ಬೇಕಾಗುತ್ತೆ, ಪಾದದ ತನಕ ಬೇಕಂದ್ರೆ ಇನ್ನೂ ಅಗಲದ ಬಟ್ಟೆ ನೋಡಿ.

ಕಾಟನ್ನೇ ಬೇಕು ಅನ್ನೋರಿಗೆ ನವೆಂಬರ್ ಮಧ್ಯದಿಂದ ಜನವರಿ ಮಧ್ಯದ ತನಕ ಒಳ್ಳೆ ಕಾಲ. ಅಯ್ಯಪ್ಪ ಮಾಲೆ ಹಾಕೋ ಸೀಸನ್ ಅದು, ಚಿಕ್ಕಪೇಟೆ ಬಿಡಿ, ಸಣ್ಣ ಊರಿನ ಜವಳಿ ಅಂಗಡೀಲೂ ಕಪ್ಪು ಪಂಚೆ, ಕಪ್ಪು ಶರ್ಟು, ಕಪ್ಪು ಟವಲ್ಲು ರಾಶಿ ಬಿದ್ದಿರುತ್ತೆ. ಆ ಪಂಚೇಲಿ ಅಗಲ ಪ್ಯಾಂಟ್ ಹೊಲಿಸ್ಬಹುದು, ಕಾಲರ್ ಇಲ್ಲದ ಕುರ್ತಾ ಹೊಲಿಸ್ಬಹುದು, ಕಲಬುರಗಿ ರಾಯಚೂರು ಬೇಸಿಗೇಲೂ ಮೈಗೆ ಗಾಳಿ ಆಡುತ್ತೆ. ಬಟ್ಟೆ ತಗೊಳಿ, ಆದ್ರೆ ಮಾಲೆ ಇರುಮುಡಿ ಅವೆಲ್ಲ ವ್ರತಕ್ಕೆ ಸೇರಿದ್ದು, ಅದನ್ನ ಫ್ಯಾಷನ್ನಿಗೆ ಎಳೀಬೇಡಿ ದಯವಿಟ್ಟು. ವಕೀಲರ ವಿಷ್ಯದಲ್ಲೂ ಇದೇ ಮಾತು. ಕೋರ್ಟ್ ಹತ್ರ ಇರೋ ಟೈಲರ್‌ಗಳು ಕರಿ ಕೋಟು ಹೊಲಿಯೋದ್ರಲ್ಲಿ ಕೈ ಪಳಗಿದೋರು, ಭುಜ ಸರಿಯಾಗಿ ಕೂರೋ ಒಂದು ಕರಿ ಬ್ಲೇಜರ್ ಹೊಲಿಸ್ಕೊಳಿ, ಕತ್ತಿನ ಬಿಳಿ ಬ್ಯಾಂಡು ಗೌನು ಮಾತ್ರ ಅವರಿಗೇ ಬಿಡಿ.

ಎಲ್ಲಾ ಅಂಗಡೀಲೂ ಮಾಡ್ಬೇಕಾದ ಒಂದು ಪರೀಕ್ಷೆ, ಬಿಳಿ ಕರ್ಚೀಫನ್ನ ಒದ್ದೆ ಮಾಡಿ ಬಟ್ಟೆ ಒಳಭಾಗದಲ್ಲಿ ಜೋರಾಗಿ ಉಜ್ಜಿ. ಬೂದು ಬಣ್ಣ ಸ್ವಲ್ಪ ಹತ್ತಿದ್ರೆ ಪರ್ವಾಗಿಲ್ಲ, ಕಪ್ಪಗೆ ಮೆತ್ಕೊಂಡ್ರೆ ಇಟ್ಟು ಬನ್ನಿ. ಕಾಟನ್ ಅಂತ ಹೇಳಿ ಮಿಕ್ಸ್ ಕೊಡ್ತಿದಾರೆ ಅನ್ನೋ ಅನುಮಾನ ಬಂದ್ರೆ ಎರಡು ಎಳೆ ಕೇಳಿ ತಗೊಂಡು ಹೊರಗೆ ಬಂದು ಸುಡಿ, ಕಾಟನ್ ಕಾಗದದ ಥರ ಉರಿದು ಬೂದಿ ಆಗುತ್ತೆ, ಪಾಲಿಸ್ಟರ್ ಕರಗಿ ಗಟ್ಟಿ ಗುಂಡಾಗುತ್ತೆ. ಹಳೇ ಕಾಟನ್ ಶರ್ಟಿಗೆ ಮನೇಲೇ ಕಪ್ಪು ಡೈ ಹಾಕೋರು ಗಮನಿಸಿ, ಹೊಲಿಗೆ ದಾರ ಸಾಮಾನ್ಯವಾಗಿ ಪಾಲಿಸ್ಟರ್ ಇರುತ್ತೆ, ಅದಕ್ಕೆ ಬಣ್ಣ ಹಿಡಿಯಲ್ಲ, ಹೊಲಿಗೆ ಗೆರೆ ಹಾಗೇ ಎದ್ದು ಕಾಣುತ್ತೆ. ಕೆಲವರಿಗೆ ಅದೇ ಚಂದ, ನನಗೂ ಇಷ್ಟ.

ಈಗ ನನಗೆ ತುಂಬಾ ಹತ್ತಿರದ ವಿಷ್ಯ. ಆಲ್ಟರ್ನೇಟಿವ್ ಫ್ಯಾಷನ್ (ಈ ಗಾತ್, ಪಂಕ್ ಥರದ ಸ್ಟೈಲುಗಳು) ಅಂದ್ರೆ ಲಂಡನ್ ಫೋಟೋದಲ್ಲಿ ಇರೋದನ್ನೇ ಹಾಕ್ಬೇಕು ಅಂತ ಯಾಕೆ ಅಂದ್ಕೋಬೇಕು? ಉತ್ತರ ಕರ್ನಾಟಕದಲ್ಲಿ ಚಂದ್ರಕಾಳಿ ಅನ್ನೋ ಕರಿ ಸೀರೆ ಇದೆ, ಅದನ್ನ ಪ್ರೀತಿಯಿಂದ ಉಟ್ಟ ಅಜ್ಜಿಯರು ಇದಾರೆ. ಕರಿ ಒಡಲಿನ, ಕೆಂಪು ಅಂಚಿನ ಇಳಕಲ್ ಸೀರೆಗೆ ಕಾಲಲ್ಲಿ ಬೂಟು, ಸೊಂಟಕ್ಕೆ ದಪ್ಪ ಬೆಲ್ಟು ಹಾಕಿ ನೋಡಿ, ಯಾವ ಆನ್‌ಲೈನ್ ಗೌನೂ ಅದರ ಮುಂದೆ ನಿಲ್ಲಲ್ಲ. ಗುಳೇದಗುಡ್ಡದ ಖಣ ರವಿಕೆಗೆ ಅಂತ ನೇಯೋ ಕಡಿಮೆ ಅಗಲದ ಬಟ್ಟೆ, ಅದ್ರಲ್ಲಿ ಡ್ರೆಸ್ ಹೊಲಿಸೋಕೆ ಹೊರಡ್ಬೇಡಿ, ಕರಿ ಖಣದಲ್ಲಿ ವೇಸ್ಟ್‌ಕೋಟ್ ಹೊಲಿಸಿ ಅಥವಾ ಹಳೇ ಡೆನಿಮ್ ಜಾಕೆಟ್ ಬೆನ್ನಿಗೆ ಪ್ಯಾಚ್ ಹಾಕ್ಸಿ. ಸಂಡೂರಿನ ಲಂಬಾಣಿ ಕಸೂತಿಗೆ ಜಿಐ (ಆ ಊರಿನದ್ದೇ ಅನ್ನೋ ಭೌಗೋಳಿಕ ಗುರುತು) ಮಾನ್ಯತೆ ಇದೆ, ಆ ಕನ್ನಡಿ ಕೆಲ್ಸದ ಪಟ್ಟಿ ಒಂದನ್ನ ಕರಿ ಜಾಕೆಟ್ ತೋಳಿಗೆ ಹೊಲಿಸಿದ್ರೆ ಸಾಕು. ಆದ್ರೆ ಮಾಡಿದ ಹೆಣ್ಮಕ್ಕಳಿಗೆ ದುಡ್ಡು ಸೇರೋ ಕಡೆ ತಗೊಳಿ, ಮಷೀನ್ ನಕಲು ಬೇಡ.

ಚೂರುಪಾರು ಸಾಮಾನಿಗೆ ಮಾಮೂಲ್‌ಪೇಟೆ, ಮಣಿ ಲೇಸು ಕುಚ್ಚು ಎಲ್ಲಾ ಅಲ್ಲೇ. ಟಿಚ್ ಬಟನ್ನು, ದಪ್ಪ ಜಿಪ್ಪು ಚಿಕ್ಕಪೇಟೆ ಗಲ್ಲಿಗಳಲ್ಲಿ. ಶೂ ಥರ ಲೇಸ್ ಕಟ್ಟೋ ಟಾಪಿಗೆ ಐಲೆಟ್ (ದಾರ ತೂರಿಸೋ ಲೋಹದ ರಿಂಗು) ಬೇಕಾದ್ರೆ ಫ್ಲೆಕ್ಸ್ ಬ್ಯಾನರ್ ಅಂಗಡಿ ಕೇಳಿ, ಅವರ ಹತ್ರ ಹೊಡೆಯೋ ಮಷೀನ್ ಇರುತ್ತೆ. ಬೆಲ್ಟಿಗೆ ತೂತು ಹಾಕೋದು, ಸ್ಟಡ್ (ಲೋಹದ ಗುಬ್ಬಿ) ಕೂರ್ಸೋದು ಚಪ್ಪಲಿ ರಿಪೇರಿಯವರ ಕೈಯಲ್ಲಿ ನೀಟಾಗಿ ಆಗುತ್ತೆ. ಭಾನುವಾರ ಬೆಳಿಗ್ಗೆ ಬಿವಿಕೆ ಅಯ್ಯಂಗಾರ್ ರೋಡಿನ ಸಂಡೇ ಬಜಾರಲ್ಲಿ ಹಳೇ ಜಾಕೆಟ್ಟು ಸಿಗುತ್ತೆ, ಕಂಕುಳು, ಕಾಲರ್, ಜಿಪ್ ಮೂರನ್ನೂ ನೋಡ್ದೆ ರೇಟ್ ಮಾತಾಡ್ಬೇಡಿ. ರೆಕ್ಸಿನ್ ಜಾಕೆಟ್ಟಾದ್ರೆ ಮೊಣಕೈ ಹತ್ರ ಮಡಚಿ ನೋಡಿ, ಸಣ್ಣ ಬಿರುಕು ಕಂಡ್ರೂ ಸಿಪ್ಪೆ ಏಳೋಕೆ ಶುರುವಾಗಿದೆ ಅಂತ ಅರ್ಥ, ಅದಕ್ಕೆ ರಿಪೇರಿ ಇಲ್ಲ. ಬೂಟಿಗೆ ಹಾರ್ಡ್‌ವೇರ್ ಅಂಗಡಿಯ ಸೇಫ್ಟಿ ಶೂ ಗಟ್ಟಿ, ಭಾರ ಇರುತ್ತೆ ಅಷ್ಟೇ.

ಬ್ಯಾಂಡ್ ಟೀಶರ್ಟ್ ಬಗ್ಗೆ ಒಂದೇ ಬೇಡಿಕೆ. 2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದ್ರು, 2011ರಲ್ಲಿ ಮೆಟಾಲಿಕಾ, 2012ರಿಂದ ಬೆಂಗಳೂರು ಓಪನ್ ಏರ್ ಅನ್ನೋ ಮೆಟಲ್ ಸಂಗೀತೋತ್ಸವ ಶುರುವಾಯ್ತು, ಇಷ್ಟು ದೊಡ್ಡ ಮೆಟಲ್ ಊರಲ್ಲಿ ಫುಟ್‌ಪಾತ್ ನಕಲು ಹಾಕೋ ಬದ್ಲು ನಮ್ಮೂರ ಬ್ಯಾಂಡುಗಳು ಶೋನಲ್ಲಿ ಮಾರೋ ಟೀಶರ್ಟ್ ತಗೊಳಿ, ಆ ದುಡ್ಡು ಅವರ ಮುಂದಿನ ರೆಕಾರ್ಡಿಂಗಿಗೆ ಸಹಾಯ ಆಗುತ್ತೆ. ಟೀಶರ್ಟನ್ನ ಒಳಭಾಗ ಹೊರಗೆ ಬರೋ ಹಾಗೆ ತಿರುಗಿಸಿ ತಣ್ಣೀರಲ್ಲಿ ಒಗೆದು ನೆರಳಲ್ಲಿ ಒಣಗಿಸಿ.

ಟೈಲರ್ ಹತ್ರ ಫೋಟೋ ಮಾತ್ರ ಒಯ್ಯಬೇಡಿ, ಮೈಗೆ ಸರಿ ಕೂರೋ ಒಂದು ಅಳತೆ ಬಟ್ಟೆ ಕೊಡಿ, ತೋಳು ಎಷ್ಟು ಅಗಲ, ಉದ್ದ ಎಲ್ಲಿಗೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕ್ಸಿ, ಒಳಗೆ ಒಂದಿಂಚು ಬಟ್ಟೆ ಬಿಡಿ ಅಂತ ಹೇಳಿ. ಕಾಟನ್ ಆದ್ರೆ ಒಂದು ರಾತ್ರಿ ನೆನೆಹಾಕಿ ಒಣಗಿಸಿ ಕೊಡಿ, ಇಲ್ಲಾಂದ್ರೆ ಹೊಲಿದ ಮೇಲೆ ಕುಗ್ಗುತ್ತೆ. ದೀಪಾವಳಿ ಮುಂದೆ, ರಂಜಾನ್ ಕೊನೇ ವಾರ, ಮದುವೆ ಸೀಸನ್ ಈ ಮೂರು ಹೊತ್ತಲ್ಲಿ ಹೊಸ ನಮೂನೆ ತಗೊಂಡು ಹೋಗ್ಬೇಡಿ, ಪಾಪ ಅವರಿಗೆ ಕೇಳಿಸ್ಕೊಳೋಕೂ ಟೈಮ್ ಇರಲ್ಲ. ಮಳೆಗಾಲದಲ್ಲಿ ಒಂದು ಮಂಗಳವಾರ ಬುಧವಾರ ಮಧ್ಯಾಹ್ನ ಹೋದ್ರೆ ಕೂರಿಸ್ಕೊಂಡು ಮಾತಾಡ್ತಾರೆ.